ವಿಮಾನದ ದಾರಿಗೆ ಬಂದ ಗರುಡಗಳು

ಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ ಹೊಸಕೋಟೆಯ ಬತ್ತಿದ ಕೆರೆಯಂಗಳದಲ್ಲಿ ವಿಮಾನದ ಆಟ ಏರ್ಪಾಡಾಗಿತ್ತು. ಅನುಗೊಂಡನಹಳ್ಳಿ ಕಡೆಯಿಂದೆಲ್ಲ ಜನ ಗಾಡಿ ಕಟ್ಟಿಕೊಂಡು ಬಂದಿದ್ದರು. ನಾನು, ನಮ್ಮತ್ತೆ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಪಕ್ಕದಲ್ಲೇ ಚಾಪೆ ಹಾಸಿ ಕೂತೆವು.

ಹಗ್ಗ ಕಾಯುತ್ತಿದ್ದ ಅಧಿಕಾರಿ ಮೇಲೆ ನೋಡಿ ನೋಡಿ ಬೆವರುತ್ತಿದ್ದರು. ನಮ್ಮ ನೆತ್ತಿಯ ಮೇಲೆ ಗರುಡಗಳು ಸುತ್ತುತ್ತಿದ್ದವು. ಜನ ಕೆನ್ನೆ ಬಡಿದುಕೊಂಡು ಕೈ ಮುಗಿಯುತ್ತಿದ್ದರು. ಅಧಿಕಾರಿ ತಮಟೆ ಬಡಿಸಿ ಹಕ್ಕಿ ಓಡಿಸಲು ಹೊರಟಾಗ ಅತ್ತೆ ಎದ್ದು ನಿಂತರು.

"ಏನಪ್ಪಾ, ಗರುಡನ್ನ ಓಡಿಸ್ತೀಯಾ?"

"ಅಮ್ಮಾ, ವಿಮಾನ ತಲೆಕೆಳಗಾಗಿ ತೆಂಗಿನಮರದೆತ್ತರಕ್ಕೆ ಇಳಿದುಬರ್ತದೆ. ಹಕ್ಕಿ ಬಡಿದ್ರೆ ಅದನ್ನ ಓಡಿಸೋ ಹುಡುಗನ್ಗೆ ಸುಧಾರಿಸ್ಕೊಳ್ಳೋಕೂ ಆಗಲ್ಲ. ನಿಮ್ಮ ಮೇಲೇ ಬೀಳ್ತಾನೆ."

"ತಲೆಕೆಳಗಾಗಿ ಹಾರೋನ್ಗೆ ಗರುಡನ ಆಶೀರ್ವಾದ ಬೇಡ್ವಾ?"

ತಮಟೆಯವರೂ ತಮಟೆ ಕೆಳಗಿಟ್ಟು ಕೈ ಮುಗಿದರು. ಆಗ ಗುಂಪಿನಿಂದ ಪೇಟೆಯ ಮಾಂಸದಂಗಡಿ ಸಾಬರು ಮುಂದೆ ಬಂದರು.

"ತಪ್ಪು ನಂದೇ ಸ್ವಾಮಿ. ಈ ಹಕ್ಕಿಗಳು ದಿನಾ ನನ್ನಂಗಡಿ ಮುಂದೆ ಇರ್ತವೆ. ಇವತ್ತು ಅಂಗಡಿ ಮುಚ್ಕೊಂಡು ಬಂದೆ, ಅವೂ ಹಿಂದೇನೇ ಬಂದವೆ."

ಅಧಿಕಾರಿ ಅವರ ಕೈ ಹಿಡಿದುಕೊಂಡು, ಕೆರೆಯ ಆಚೆ ತುದಿಗೆ ಹೋಗಿ ಚೂರುಪಾರು ಮಾಂಸ ಎಸೆಯಿರಿ ಎಂದು ಬೇಡಿಕೊಂಡರು. ಅತ್ತೆ ಮುಖಕ್ಕೆ ಸೆರಗು ಅಡ್ಡ ಹಿಡಿದರು.

"ಗರುಡ ಏನ್ ತಿಂತು ಅಂತ ನಾನು ನೋಡ್ಲಿಲ್ಲ ಕಣೇ. ನೀನೂ ನೋಡ್ಬೇಡ."

ಸಾಬರು ಬುಟ್ಟಿ ತರಿಸಿಕೊಂಡು ನಡೆದರು, ಆಕಾಶವೆಲ್ಲ ಅವರ ಹಿಂದೆ ಹೊರಟಿತು. ಅಧಿಕಾರಿ ನಿಟ್ಟುಸಿರು ಬಿಟ್ಟು, ವಿಮಾನ ಬರಲೆಂದು ಬಾವುಟ ಬೀಸಿದರು. ಅಷ್ಟರಲ್ಲಿ ಯಾರೋ, ಗರುಡಗಳು ನೆಲಕ್ಕೇ ಇಳಿದಿವೆ ಎಂದರು. ಇದ್ದಬದ್ದವರೆಲ್ಲ ಆಚೆ ತುದಿಗೆ ಓಡಿದರು.

"ನಡಿಯೇ," ಎಂದರು ಅತ್ತೆ. "ತಿಂದಾದ್ಮೇಲೆ ನೋಡಿದ್ರೆ ದೋಷ ಇಲ್ಲ."

ಚಾಪೆ ಸುತ್ತಿಕೊಂಡು ಓಡುತ್ತಾ ನಾನು ಒಮ್ಮೆ ತಿರುಗಿ ನೋಡಿದೆ. ಅಂಗಾತ ಬಿದ್ದ ಜಿರಲೆಯ ಹಾಗೆ ವಿಮಾನ ಚಕ್ರ ಮೇಲೆ ಮಾಡಿಕೊಂಡು ಬರೀ ಹಗ್ಗದ ಮೇಲೆ ಹಾರಿಹೋಯಿತು. ಕೆಳಗೆ ಅಧಿಕಾರಿ ಒಬ್ಬರೇ ಇದ್ದರು, ಅವರೂ ಮಕಾಡೆ ಮಲಗಿದ್ದರು.

ಆಟ ಮುಗಿದು ವಿಮಾನ ಕೆರೆಯಂಗಳದಲ್ಲಿ ಇಳಿಯಿತು. ಅಧಿಕಾರಿ ಓಡಿಹೋಗಿ ಆ ಹುಡುಗನ ಭುಜ, ಬೆನ್ನು ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಚಪ್ಪಾಳೆಗಾಗಿ ಸುತ್ತಲೂ ಹುಡುಕುತ್ತಾ ಅವನು ನಮ್ಮ ಗುಂಪಿನವರೆಗೂ ನಡೆದು ಬಂದ. ಅತ್ತೆ ಅವನನ್ನು ಮರುಕದಿಂದ ನೋಡಿದರು.

"ಎಲ್ಲಿದ್ಯಪ್ಪಾ ಇಷ್ಟೊತ್ತು? ಈಗ ತಾನೇ ಹಾರಿಹೋದ್ವು."