ಜೋಳದ ದಂಟಿಗೆ ಸುತ್ತಿದ ಬಣ್ಣಗಳು

ಮಾನ್ವಿಯ ಓಣಿಗೆ ಈಗಷ್ಟೇ ಬೆಳಕು ಇಳಿಯುತ್ತಿದೆ. ಅಮರಮ್ಮ ಹಣೆಗೆ ವಿಭೂತಿ ಹಚ್ಚಿ, ಲಾಳಿಗೆ ಕೈಮುಗಿದು, ಗುಂಡಿಮಗ್ಗದೊಳಗೆ ಕಾಲಿಳಿಸುತ್ತಾರೆ. ಕಾಲು ತುಳಿದರೆ ಉದ್ದದ ಎಳೆಗಳು ಬಾಯಿ ಬಿಡುತ್ತವೆ. ಲಾಳಿ ಅತ್ತ ಹೋಗಿ ಇತ್ತ ಬರುತ್ತದೆ. ಪುರಾಣ ಹೇಳುವವರ ಹಿಂದೆ ಸೊಲ್ಲು ಹಿಡಿಯುವವರಂತೆ ಮಗ್ಗದ ಹಲಗೆಯ ಬಡಿತ ತಪ್ಪದೆ ಬೀಳುತ್ತದೆ. ಮೂವತ್ತನೆಯ ವಲ್ಲಿ ಮುಗಿಸಿ, ಎಂಟರ ಬಸ್ಸಿಗೆ ಅವರು ರಾಯಚೂರಿಗೆ ಹೊರಡಬೇಕು.

ಗಂಡಸರು ಕೊರಳಿಗೆ ಸುತ್ತಿಕೊಳ್ಳುವ ಹತ್ತಿಯ ವಲ್ಲಿ ನೇಯುವುದು ಇವರ ಕಸುಬು. ಮಗ್ಗ ಮೊದಲು ಗಂಡ ಸೂಗಪ್ಪನವರದು. ಐದು ವರ್ಷದ ಹಿಂದೆ, ೧೯೭೯ರಲ್ಲಿ, ಬಂಡಿಯಿಂದ ಬಿದ್ದು ಅವರ ಬಲತೋಳು ಮೇಲೇಳದಾಯಿತು. ಅಲ್ಲಿಯತನಕ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದ ಅಮರಮ್ಮ ಮಗ್ಗಕ್ಕಿಳಿದರೆ ಕಾಲು ಗುಂಡಿಯ ತಳ ಮುಟ್ಟಲಿಲ್ಲ. “ಇವರs ಎಡಗೈಲೆ ಎರಡು ಪುಟ್ಟಿ ಮಣ್ಣು ಹಾಕಿ ತುಂಬಿದ್ರು,” ಎನ್ನುತ್ತಾರೆ.

“ಕುಳ್ಳಿ ನೇಯ್ತಾಳಂತ ಗೊತ್ತಿದ್ರ ಮೊದ್ಲs ಕಡಿಮಿ ತೋಡ್ತಿದ್ದೆ,” ಎಂದು ಕಟ್ಟೆಯ ಮೇಲಿನಿಂದ ಸೂಗಪ್ಪ.

ಮೊದಲ ಸಲವೇ ತಪ್ಪಾಯಿತು. ವಲ್ಲಿಗೆ ನಾಲ್ಕು ಮೊಳ ಎಂಬುದು ಮನೆಯ ರೂಢಿ. ಅಮರಮ್ಮ ತಮ್ಮ ಮೊಳದಲ್ಲಿ ಅಳೆದರು. ಒಂದು ಗೇಣು ಗಿಡ್ಡವಾಯಿತು. ದೇವದುರ್ಗದ ಸಂತೆಯಲ್ಲಿ ಹೆಗಲಿಗೆ ಹಾಕಿ ನೋಡಿದವರೆಲ್ಲ ನಕ್ಕರು. ಸೈಕಲ್ಲಿನಲ್ಲಿ ಬಂದ ಮೇಷ್ಟ್ರೊಬ್ಬರು ಮಾತ್ರ ಕೊರಳಿಗೆ ಸುತ್ತಿ, “ಚಲೋ ಅದ, ಚೈನಿಗೆ ಸಿಗಂಗಿಲ್ಲ,” ಎಂದು ಒಯ್ದರು. ಮುಂದಿನ ಸಂತೆಗೆ ಅವರ ಗೆಳೆಯರು ನಾಲ್ವರು ಹುಡುಕಿಕೊಂಡು ಬಂದರು. ಅಂದಿನಿಂದ ಅಮರಮ್ಮನ ಮೊಳವೇ ಅಳತೆ.

ಬಣ್ಣ ಹೊಂದಿಸಲು ಕಾಗದ, ಪೆನ್ಸಿಲ್ ಇಲ್ಲ. ಒಣಗಿದ ಜೋಳದ ದಂಟಿಗೆ ಬಣ್ಣದ ಎಳೆಗಳನ್ನು ಒತ್ತಾಗಿ ಸುತ್ತಿ, ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾರೆ. ಒಪ್ಪದಿದ್ದರೆ ಬಿಚ್ಚುತ್ತಾರೆ. ತೊಲೆಗೆ ಸಿಕ್ಕಿಸಿದ ಇಂಥ ದಂಟುಗಳು ನಲವತ್ತಕ್ಕೂ ಹೆಚ್ಚು. ದಿನಕ್ಕೆ ಮೂರು ವಲ್ಲಿ. ಗೆರೆ ಜಾಸ್ತಿಯಾದರೆ ಎರಡೇ.

ಆದರೆ ಈಗ ಅಂಗಡಿ ಅಂಗಡಿಯಲ್ಲೂ ಗಿರಣಿಯ ಟವೆಲ್ಲು ತೂಗುತ್ತಿದೆ. ರಾಯಚೂರಿನ ಬಟ್ಟೆ ವ್ಯಾಪಾರಿ ಸಲಾವುದ್ದೀನ್ ಸಾಹೇಬರು, ಅದೇ ಹಳೆಯ ಕೆಂಪಂಚಿನ ವಲ್ಲಿ ಯಾರಿಗೂ ಬೇಡವಾಗಿದೆ ಎಂದು ಕಳೆದ ಸಲ ಅರ್ಧ ಗಂಟು ವಾಪಸು ಕಳಿಸಿದ್ದಾರೆ. ಇಂದಿನದೂ ತಿರುಗಿ ಬಂದರೆ ಮಗ್ಗ ಬಿಚ್ಚುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದಾರೆ. ಅದಕ್ಕೇ ಈ ಸಲ ಎರೆಮಣ್ಣಿನ ಬಣ್ಣದ ಮೈ, ಮೇಲೆ ಕುಸುಬಿ ಹೂವಿನ ಹಳದಿಯ ಸಣ್ಣ ಗೆರೆ.

“ಗಂಡಸ್ರು ಹೂವಿನ ಬಣ್ಣ ಹಾಕ್ಕೋತಾರೇನಬೇ?” ಗಂಡನಿಗೆ ಅನುಮಾನ.

“ಹೊಲದಾಗ ದಿನಾ ಅದರ ನಡುವs ನಿಂತಿರ್ತಾರ. ಕೊಳ್ಳಾಗ ಹಾಕ್ಕೊಂಡ್ರ ಏನಾತು?”

ಹತ್ತೂವರೆಗೆ ರಾಯಚೂರಿನ ಅಂಗಡಿಯಲ್ಲಿ ಸಾಹೇಬರು ಗಂಟು ಬಿಚ್ಚುತ್ತಾರೆ. ಮೇಲಿನ ವಲ್ಲಿಯನ್ನು ಎಳೆದು ನೋಡುತ್ತಾರೆ. ಅಮರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಾರೆ. ಸಾಹೇಬರು ಅದನ್ನು ಕೊರಳಿಗೆ ಹಾಕಿಕೊಂಡು ಗೋಡೆಯ ಕನ್ನಡಿಯಲ್ಲಿ ಎಡಕ್ಕೆ, ಬಲಕ್ಕೆ ತಿರುಗುತ್ತಾರೆ.

“ಯಾರು ಹೇಳಿಕೊಟ್ರವ್ವಾ ಈ ಬಣ್ಣ?”

“ಯಾರೂ ಇಲ್ರೀ. ನನ್ನ ತಲಿಗೆ ಹೊಳೆದದ್ದು.”

“ಇನ್ನೂ ಎಷ್ಟು ಕೊಡ್ತೀರಿ?”

“ತಿಂಗಳಿಗೆ ಅರವತ್ತು. ಗಡಬಡಿ ಮಾಡಿದ್ರ ಆಗಂಗಿಲ್ರೀ.”

“ಅರವತ್ತೂ ನನಗs ತರ್ರಿ. ಬ್ಯಾರೆ ಅಂಗಡ್ಯಾಗ ತೋರಸಬ್ಯಾಡ್ರಿ.”

ಸಾಹೇಬರು ಎಣಿಸಲು ಕೂರುತ್ತಾರೆ. ಇಪ್ಪತ್ತೊಂಬತ್ತು. ಹುಬ್ಬು ಗಂಟಿಕ್ಕಿ ಮತ್ತೆ ಎಣಿಸುತ್ತಾರೆ; ಮತ್ತೆ ಇಪ್ಪತ್ತೊಂಬತ್ತೇ. ಅಮರಮ್ಮ ಸೆರಗಿನ ಮರೆಯಲ್ಲಿ ನಗುತ್ತಾರೆ.

“ಇನ್ನೊಂದು ನಿಮ್ಮ ಕೊಳ್ಳಾಗs ಅದ ನೋಡ್ರಿ ಸಾಹೇಬ್ರ. ತಗೀಬ್ಯಾಡ್ರಿ, ಒಪ್ಪತದ.”