ಬರೆ ಬಿದ್ದಿರುವುದು ಕಂಡುಬಂದಿರುತ್ತದೆ

ಮೊನ್ನೆ, ಮಳೆ ಹಿಡಿಯುವ ಮೊದಲು, ನಮ್ಮ ಮನೆಗೆ ಒಂದು ವರದಿ ಬಂತು. ಲಕೋಟೆ ಒಡೆದರೆ ಕಾಗದಕ್ಕೆ ಹತ್ತಿದ ಮೊಹರಿನ ಶಾಯಿಯ ವಾಸನೆ. ಸರಕಾರಿ ಇಂಜಿನಿಯರಾಗಿ ಆ ವಾಸನೆಯ ನಡುವೆಯೇ ಮೂವತ್ತು ವರ್ಷ ಅನ್ನ ದುಡಿದವನು ನಾನು. ನಿವೃತ್ತನಾದ ಮೇಲೆ ಅದು ಮನೆ ಹುಡುಕಿಕೊಂಡು ಬಂದದ್ದು ಇದೇ ಮೊದಲು.

ವಿಷಯ ಇಷ್ಟೇ. ಪುತ್ತೂರು ಪೇಟೆಯ ಹೊರಗೆ, ಗುಡ್ಡ ಕಡಿದು ಸಮತಟ್ಟು ಮಾಡಿದ ಹತ್ತು ಸೆಂಟ್ಸ್ ಜಾಗದಲ್ಲಿ ನಮ್ಮ ಮನೆ. ಹಿಂದೆ ಬರೆ. ಘಟ್ಟದ ಮೇಲಿನ ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ: ನಮ್ಮ ಕಡೆ ಬರೆ ಎಂದರೆ ಗುಡ್ಡ ಕಡಿದಾಗ ಎದ್ದು ನಿಲ್ಲುವ ಮಣ್ಣಿನ ಗೋಡೆ. ಕಾಯಿಸಿದ ಕಬ್ಬಿಣದಿಂದ ಹಾಕುವ ಬರೆ ಬೇರೆ. ಪೆನ್ನು ಕೊಟ್ಟು 'ಬರೆ' ಎನ್ನುವುದು ಮತ್ತೂ ಬೇರೆ. ಈ ಮೂರಕ್ಕೂ ಒಂದಕ್ಕೊಂದು ಸಂಬಂಧವಿಲ್ಲ ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ.

ವರದಿ ಬರುವ ತಿಂಗಳ ಮೊದಲು ನಮ್ಮ ಬರೆಯ ನೆತ್ತಿಯಲ್ಲಿ ಬೆರಳು ತೂರುವಷ್ಟು ಬಿರುಕು ಕಾಣಿಸಿತು. ಇಷ್ಟು ವರ್ಷ ಊರಿನ ಬರೆಗಳನ್ನೆಲ್ಲ ನೋಡಿದವರಿಗೆ ಸ್ವಂತ ಬರೆ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಡಾಕ್ಟರು ತನಗೆ ಜ್ವರ ಬಂದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುವುದಿಲ್ಲವೇ, ಹಾಗೆ. ನನ್ನ ಹಳೆಯ ಕಚೇರಿಗೇ ಅರ್ಜಿ ಕೊಟ್ಟೆ. ದಿವ್ಯಶ್ರೀ ಎಂಬ ಇಂಜಿನಿಯರ್ ಬಂದು, ಏಣಿ ಹತ್ತಿ, ಟೇಪು ಹಿಡಿದು ಅಳೆದು, ನನ್ನ ಹೆಂಡತಿ ಕೊಟ್ಟ ಪುನರ್ಪುಳಿ ಶರಬತ್ತು ಕುಡಿದು ಹೋದಳು. ನನ್ನ ಸರ್ವೀಸಿನ ಕೊನೆಯ ಮೂರು ವರ್ಷ ನನ್ನ ಕೈಕೆಳಗೆ ಕೆಲಸ ಕಲಿತವಳು, ಮಗಳ ಪ್ರಾಯದವಳು, ಏಕವಚನ ಅದಕ್ಕಾಗಿ. ಅವಳ ವರದಿಯೇ ಈಗ ಬಂದದ್ದು. ಅದರ ಮುಖ್ಯ ವಾಕ್ಯ ಹೀಗಿತ್ತು:

"ಸದರಿ ಬರೆಯು ಭಾಗಶಃ ಸಡಿಲಗೊಂಡಿರುವುದು ಮೇಲ್ನೋಟಕ್ಕೆ ಕಂಡುಬಂದಿದ್ದು, ಮುಂದೆ ಬೀಳುವ ಸಂಭವವನ್ನು ಅಲ್ಲಗಳೆಯಲಾಗದು, ನಿವಾಸಿಗಳ ಹಿತದೃಷ್ಟಿಯಿಂದ ಅಗತ್ಯ ಕ್ರಮ ವಹಿಸಬಹುದಾಗಿರುತ್ತದೆ."

ನನ್ನ ಹೆಂಡತಿ ಎರಡು ಸಲ ಓದಿದಳು. ಕನ್ನಡಕ ಒರೆಸಿ ಮೂರನೆಯ ಸಲವೂ ಓದಿದಳು. "ಇದರಲ್ಲಿ ಎಂತ ಉಂಟು? ಹಿಂದಿನ ಕೋಣೆಯಲ್ಲಿ ನಾವು ಮಲಗುದಾ, ಬೇಡ್ವಾ?"

ಇಂಥದೇ ಪ್ರಶ್ನೆಯನ್ನು ಇಪ್ಪತ್ತು ವರ್ಷಗಳ ಹಿಂದೆ ಇನ್ನೊಬ್ಬ ಹೆಂಗಸು ನನ್ನಲ್ಲಿ ಕೇಳಿದ್ದರು.

ಆಗ ನಾನು ಸುಳ್ಯದ ಒಂದು ಕಚೇರಿಯಲ್ಲಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ; ಎಷ್ಟೆಂದರೂ ಬಾಬಣ್ಣನ ಶಿಷ್ಯ. ಬಾಬಣ್ಣ ಅಲ್ಲಿನ ಹೆಡ್ ಕ್ಲರ್ಕು. ಅದುವರೆಗೆ ರಸ್ತೆ ಕೆಲಸದ ಧೂಳು ಕುಡಿಯುತ್ತಿದ್ದ ನನ್ನನ್ನು ಕಟ್ಟಡಗಳ ತಪಾಸಣೆ ಮಾಡಿ ವರದಿ ಬರೆಯುವ ಕುರ್ಚಿಗೆ ಹಾಕಿದ್ದರು. ತಪಾಸಣೆ ನನಗೆ ಬರುತ್ತಿತ್ತು. ವರದಿ ಬಾಬಣ್ಣನಿಗೆ ಬರುತ್ತಿತ್ತು. ನಾವು ಬರೆದದ್ದೆಲ್ಲ ಅವರ ಕೆಂಪು ಪೆನ್ನಿನ ಕೆಳಗೆ ತಲೆತಗ್ಗಿಸಿ ನಿಲ್ಲಬೇಕು.

"ವಾಕ್ಯಕ್ಕೆ ಕಾಲು ಇರ್ಬಾರ್ದು ಮಾರಾಯ್ರೆ," ಎಂದು ಅವರು ಮೊದಲ ದಿನವೇ ಉಪದೇಶ ಮಾಡಿದರು. "ಕಾಲಿದ್ರೆ ಒಂದು ದಿನ ಅದು ನಮ್ಮ ಮನೆಗೇ ನಡ್ಕೊಂಡು ಬರ್ತದೆ. ನೋಡಿದೆ ಅಂತ ಬರೆದ್ರೆ ನೋಡಿದವ ಯಾರು ಅಂತ ಕೇಳ್ತಾರೆ. ಕಂಡುಬಂತು ಅಂತ ಬರೀರಿ. ಯಾರಿಗೆ ಕಂಡದ್ದು? ಯಾರಿಗೂ ಅಲ್ಲ. ಅದೇ ಬಂತು, ಅದೇ ಕಂಡಿತು."

ಬಾಬಣ್ಣನನ್ನು ನೀವು ತಪ್ಪು ತಿಳಿಯಬಾರದು. ಕಚೇರಿಯ ಹೊರಗೆ ಅವರಷ್ಟು ನೇರ ಮನುಷ್ಯ ಇನ್ನೊಬ್ಬರಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ "ಗೋಳಿಬಜೆ ಉಂಟಾ?" ಎನ್ನುವರು. "ಉಂಟು," ಎಂದರೆ ಕೂರುವರು, "ಇಲ್ಲ," ಎಂದರೆ ಎದ್ದು ಹೋಗುವರು. ಆ ಹೋಟೆಲಿನವನು 'ಗೋಳಿಬಜೆ ಲಭ್ಯವಿರುವ ಸಂಭವವನ್ನು ಅಲ್ಲಗಳೆಯಲಾಗದು' ಎಂದಿದ್ದರೆ ಬಾಬಣ್ಣ ಬರಿಹೊಟ್ಟೆಯಲ್ಲಿ ಪುತ್ತೂರು ಬಸ್ಸು ಹತ್ತಬೇಕಾಗುತ್ತಿತ್ತು. ಬಾಯಲ್ಲಿ ಉಂಟು, ಕಾಗದದಲ್ಲಿ ಇರುತ್ತದೆ. ಈ ಎರಡರ ನಡುವೆ ಅವರ ಸಂಸಾರ ಸುಖವಾಗಿ ಸಾಗಿತ್ತು.

ಐವರ್ನಾಡು ದಾಟಿ ಒಳಗೆ ಹೋದರೆ ಒಂದು ಶಾಲೆ. ಬಿಸಿಯೂಟದ ಅಡುಗೆ ಕೋಣೆಯನ್ನು ನೋಡಿ ಬರಲು ನನ್ನನ್ನು ಕಳುಹಿಸಿದರು. ಕೋಣೆಯ ಬೆನ್ನಿಗೇ ಎರಡಾಳೆತ್ತರದ ಬರೆ. ಆಗಲೇ ನಾಲ್ಕು ಬುಟ್ಟಿ ಮಣ್ಣು ಜಾರಿ ಗೋಡೆಗೆ ಒರಗಿತ್ತು. ಗೋಡೆಯ ಈಚೆ ಅಡುಗೆಯ ಕಮಲಕ್ಕ ಸಾಂಬಾರು ತಿರುವುತ್ತಿದ್ದರು; ಮಕ್ಕಳು ತಟ್ಟೆ ಹಿಡಿದು ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಮುಖ್ಯೋಪಾಧ್ಯಾಯಿನಿ ವಾರಿಜ ಟೀಚರು ನನ್ನನ್ನು ಪಕ್ಕಕ್ಕೆ ಕರೆದರು.

"ಸಾರ್, ನನಗೆ ಒಂದೇ ಲೈನು ಸಾಕು. ಇಲ್ಲಿ ಅಡುಗೆ ಮಾಡ್ಬೇಡಿ ಅಂತ. ಕಾಗದ ಇಲ್ಲದೆ ನಾನು ಒಲೆ ಹೊರಗೆ ಇಟ್ರೆ ನಾಳೆ ನನ್ನನ್ನೇ ಕೇಳ್ತಾರೆ. ಮಳೆ ಹಿಡಿಯುವ ಮೊದಲು ಕೊಡಿ."

ಆ ಒಂದು ಲೈನನ್ನು ನಾನು ಬರೆದಿದ್ದೆ, ದೇವರಾಣೆ ಬರೆದಿದ್ದೆ. ಬಾಬಣ್ಣನ ಪೆನ್ನು ಅದರ ಮೇಲೆ ಹರಿಯಿತು. ಅದು ಹೊರಗೆ ಬರುವಾಗ ಹೀಗಾಗಿತ್ತು: "ಶಾಲೆಯ ಅಡುಗೆ ಕೋಣೆಯ ಹಿಂಬದಿಯಲ್ಲಿ ಬರೆ ಬಿದ್ದಿರುವುದು ಮೇಲ್ನೋಟಕ್ಕೆ ಕಂಡುಬಂದಿದ್ದು, ಮುಂದೆಯೂ ಬೀಳುವ ಸಂಭವವನ್ನು ಅಲ್ಲಗಳೆಯಲಾಗದು, ಮಕ್ಕಳ ಹಿತದೃಷ್ಟಿಯಿಂದ ಅಗತ್ಯ ಕ್ರಮ ವಹಿಸಬಹುದಾಗಿರುತ್ತದೆ." ಓದಿ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಇಷ್ಟು ಉದ್ದದ ವಾಕ್ಯಕ್ಕೆ ನಾನು ಅದುವರೆಗೆ ಸಹಿ ಹಾಕಿರಲಿಲ್ಲ. ಒಂದು ಪ್ರತಿ ಶಾಲೆಗೆ ಹೋಯಿತು, ಒಂದು ಮೇಲಿನ ಕಚೇರಿಗೆ.

ಮೇಲಿನ ಕಚೇರಿಯಲ್ಲಿ ಆಗಷ್ಟೇ ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ಅಧಿಕಾರಿಯೊಬ್ಬರಿದ್ದರು. ಒಳ್ಳೆಯವರು, ಮಕ್ಕಳೆಂದರೆ ಕರಗುವವರು. ಅವರ ಊರಿನಲ್ಲಿ ಬರೆ ಎಂದರೆ ಒಂದೇ ಬರೆ. ಅಡುಗೆ ಕೋಣೆಯ ಹಿಂಬದಿಯಲ್ಲಿ ಬರೆ ಬಿದ್ದಿದೆ, ಮುಂದೆಯೂ ಬೀಳಬಹುದು, ಮಕ್ಕಳ ಹಿತಕ್ಕೆ ಕ್ರಮ ಬೇಕು. ಯಾರು ಹಾಕಿದ್ದು ಎಂದು ವರದಿಯಲ್ಲಿ ಹುಡುಕಿದರೆ ಯಾರೂ ಇಲ್ಲ. ನಾವು ಖಾಲಿ ಬಿಟ್ಟ ಜಾಗದಲ್ಲಿ ಅವರು ತಾವೇ ಒಬ್ಬರನ್ನು ಕೂರಿಸಿದರು.

ವಾರ ಕಳೆಯುವಷ್ಟರಲ್ಲಿ ವಾರಿಜ ಟೀಚರು ನನ್ನ ಮೇಜಿನ ಮುಂದೆ ನಿಂತಿದ್ದರು. ಕೈಯಲ್ಲಿ ನೋಟೀಸು. ಅಡುಗೆ ಕೋಣೆಯ ಹಿಂದೆ ಯಾವ ಮಕ್ಕಳಿಗೆ, ಯಾರು, ಎಷ್ಟು ಬಾರಿ ಬರೆ ಹಾಕಿದ್ದೆಂದು ಮೂರು ದಿನಗಳೊಳಗೆ ವಿವರಣೆ ಕೊಡಬೇಕಂತೆ, ತಪ್ಪಿದಲ್ಲಿ ಅಮಾನತು.

"ನಾನು ಯಾರಿಗೆ ಬರೆ ಹಾಕಿದ್ದು ಸಾರ್?" ಎಂದರು. ಧ್ವನಿ ಏರಿರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಾಬಣ್ಣ ನೋಟೀಸು ಓದಿ ಮೊದಲು ನಕ್ಕರು, ಆಮೇಲೆ ಬೆವರು ಒರೆಸಿಕೊಂಡರು. "ಅವರಿಗೆ ಭಾಷೆ ಬರುದಿಲ್ಲ," ಎಂದರು.

"ಅವರಿಗೆ ಬರ್ತದೆ ಬಾಬಣ್ಣ," ಎಂದರು ಟೀಚರು. "ನಿಮ್ಮ ವಾಕ್ಯವನ್ನು ನಾನು ಏಳನೇ ಕ್ಲಾಸಿನವರಿಗೆ ಬೋರ್ಡಿನಲ್ಲಿ ಬರೆದುಕೊಟ್ಟೆ. ಕರ್ತೃಪದ ಯಾವುದು ಹುಡುಕಿ ಅಂತ. ಅರ್ಧ ಗಂಟೆ ಹುಡುಕಿದ್ರು. ಕಡೆಗೆ ಒಬ್ಬಳು ಎದ್ದು ಹೇಳಿದ್ಲು, 'ಕರ್ತೃ ರಜೆಯಲ್ಲಿದ್ದಾರೆ ಟೀಚರ್' ಅಂತ."

ಕಚೇರಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ಮರುಕ್ಷಣ ನಾಚಿಕೆಯಾಯಿತು. ಒಂದು ಲೈನು ಕೇಳಿದ ಹೆಂಗಸಿಗೆ ನಾನು ಅಮಾನತಿನ ಭಯ ಕೊಟ್ಟಿದ್ದೆ. ಅಷ್ಟೇ ಅಲ್ಲ, ಕಮಲಕ್ಕ ಆ ಹೊತ್ತಿಗೂ ಅದೇ ಗೋಡೆಯ ಪಕ್ಕ ಸಾಂಬಾರು ತಿರುವುತ್ತಿದ್ದರು.

ಅಲ್ಲೇ ಕೂತು ಬರೆದೆ. "ನಾನು ಈ ಅಡುಗೆ ಕೋಣೆಯನ್ನು ನೋಡಿದ್ದೇನೆ. ಇದರ ಹಿಂದಿನ ಮಣ್ಣಿನ ಗುಡ್ಡ ಸಡಿಲವಾಗಿದೆ. ಈ ಮಳೆಗಾಲ ಇಲ್ಲಿ ಅಡುಗೆ ಮಾಡಬೇಡಿ, ಮಕ್ಕಳನ್ನು ನಿಲ್ಲಿಸಬೇಡಿ. ಯಾರೂ ಯಾವ ಮಗುವಿಗೂ ಬರೆ ಹಾಕಿಲ್ಲ." ಕೆಳಗೆ ಹೆಸರು, ಸಹಿ.

ಬಾಬಣ್ಣ ಕೆಂಪು ಪೆನ್ನಿನ ಮುಚ್ಚಳ ತೆಗೆದು, ಓದಿ, ಮುಚ್ಚಳ ಹಾಕಿದರು. "ಇದು ವರದಿ ಅಲ್ಲ ಮಾರಾಯ್ರೆ. ಹೆಂಡತಿ ತವರಿಗೆ ಹೋಗುವಾಗ ಚೀಟಿ ಬರೆದಿಟ್ಟ ಹಾಗೆ ಉಂಟು." ಆದರೆ ಮೊಹರು ಒತ್ತಿದ್ದು ಅವರೇ.

ನೋಟೀಸು ಹಿಂದಕ್ಕೆ ಹೋಯಿತು. ಒಲೆ ಶಾಲೆಯ ಜಗಲಿಗೆ ಬಂತು. ಆ ಮಳೆಗಾಲವಿಡೀ ಕಮಲಕ್ಕ ಜಗಲಿಯ ಗಾಳಿಗೆ ಹೊಗೆ ಕುಡಿಯುತ್ತ ನನಗೆ ಶಾಪ ಹಾಕಿದರಂತೆ. ಇನ್ನು ನೀವು ಕಾಯುತ್ತಿರುವ ಸಂಗತಿ: ಬರೆ ಬೀಳಲಿಲ್ಲ. ಜೂನ್ ಹೋಯಿತು, ಜುಲೈ ಹೋಯಿತು, ಅದು ನಿಂತೇ ಇತ್ತು. ಮಳೆ ಬಿಟ್ಟ ಮೇಲೆ ನಾನು ಆ ಕಡೆ ಹೋದರೆ ಅಂಗಡಿಯ ಜಗಲಿಯಿಂದ ಕೂಗು: "ಎಂತ ಸಾರ್, ನಿಮ್ಮ ಬರೆ ಇನ್ನೂ ನಿಂತುಂಟಲ್ಲ?" ಕಚೇರಿಯಲ್ಲೂ ನನಗೆ ಬರೆ ಸಾರ್ ಎಂಬ ಹೆಸರು ಬಿತ್ತು. 'ಕಂಡುಬಂದಿರುತ್ತದೆ' ಎಂದು ಬರೆದಿದ್ದರೆ ಯಾರನ್ನು ನೋಡಿ ನಗುತ್ತಿದ್ದರು? ವಾಕ್ಯ ಕಾಲು ಹಾಕಿಕೊಂಡು ನನ್ನ ಮನೆಗೇ ಬಂದಿತ್ತು.

ವಾರಿಜ ಟೀಚರಲ್ಲಿ ಒಮ್ಮೆ ಹೇಳಿಕೊಂಡೆ, ಬೀಳಲೇ ಇಲ್ಲವಲ್ಲ ಟೀಚರ್ ಎಂದು. ಬೀಳಬೇಕಿತ್ತು ಎಂಬ ಆಸೆ ನನ್ನ ದನಿಯಲ್ಲಿ ಇತ್ತೋ ಏನೋ, ಅವರು ಆಶ್ಚರ್ಯದಿಂದ ನೋಡಿದರು. "ನೀವು ಬೀಳ್ತದೆ ಅಂತ ಬರೆದದ್ದಲ್ಲ ಸಾರ್. ಅಡುಗೆ ಮಾಡ್ಬೇಡಿ ಅಂತ ಬರೆದದ್ದು."

ಸಮಾಧಾನಕ್ಕೆ ಹೇಳಿದ ಮಾತು ಎಂದುಕೊಂಡೆ. ಮರುದಿನದಿಂದಲೇ ಬಾಬಣ್ಣನ ಕನ್ನಡಕ್ಕೆ ಮರಳಿದೆ. ಅವರು ನಿವೃತ್ತರಾದ ಮೇಲೆ ಆ ಕೆಂಪು ಪೆನ್ನು ನನ್ನ ಕೈಗೆ ಬಂತು. ಕಡಬದಲ್ಲಿ, ಪುತ್ತೂರಿನಲ್ಲಿ, ಈಶ್ವರಮಂಗಲದ ಗಡಿಯವರೆಗೆ, ಎಷ್ಟು ಗೋಡೆ, ಎಷ್ಟು ಮನೆಮಾಡು, ತೋಡು ದಾಟುವ ಎಷ್ಟು ಸಂಕ ಮೇಲ್ನೋಟಕ್ಕೆ ಕಂಡುಬಂದವೋ ಲೆಕ್ಕವಿಲ್ಲ. ಯಾವ ವಾಕ್ಯವೂ ಮನೆಗೆ ಬರಲಿಲ್ಲ, ಮೊನ್ನೆಯವರೆಗೆ.

ದಿವ್ಯಶ್ರೀಗೆ ಫೋನು ಮಾಡಿದೆ. "ಎಂತ ಇದು ಬರೆದದ್ದು?"

"ತಪ್ಪು ಉಂಟಾ ಸಾರ್?" ಹುಡುಗಿ ಹೆದರಿದಳು. "ಅದು ನಿಮ್ಮದೇ ವಾಕ್ಯ. ಆಫೀಸಿನ ಕಂಪ್ಯೂಟರಿನಲ್ಲಿ ನಿಮ್ಮ ಹಳೆ ರಿಪೋರ್ಟ್ ಉಂಟಲ್ಲ, ನಾವೆಲ್ಲ ಅದನ್ನೇ ಹಾಕುದು. ಹೆಸರು, ಊರು ಮಾತ್ರ ಬದಲಿಸುದು."

ಏಟು ಸರಿಯಾದ ಜಾಗಕ್ಕೇ ಬಿದ್ದಿತ್ತು. ಸುಧಾರಿಸಿಕೊಂಡು, "ಅದಿರ್ಲಿ. ಹಿಂದಿನ ಕೋಣೆಯಲ್ಲಿ ಮಲಗ್ಬಹುದಾ, ಬೇಡ್ವಾ?" ಎಂದೆ.

ಆ ಕಡೆಯಿಂದ ಸಣ್ಣ ದನಿಯಲ್ಲಿ, "ಸಾರ್, ನಾನು ಹೇಳುದು ಸಾಕಾ, ಬರೀಬೇಕಾ?"

"ಬರೆ," ಎಂದೆ.

ಮರುದಿನ ಬಂತು. "ನಾನು ನೋಡಿದ್ದೇನೆ. ಈ ಮಳೆಗಾಲ ಹಿಂದಿನ ಕೋಣೆಯಲ್ಲಿ ಮಲಗಬೇಡಿ." ಕೆಳಗೆ ಹೆಸರು, ಸಹಿ. ಹೆಂಡತಿ ಒಂದೇ ಸಲ ಓದಿ, ಕನ್ನಡಕ ತೆಗೆದಿಟ್ಟು, "ಮಂಚದ ಆ ತುದಿ ಹಿಡೀರಿ," ಎಂದಳು. ಈಗ ನಮ್ಮ ಮಲಗುವ ಜಾಗ ನಡುಮನೆ, ಟಿ.ವಿ.ಯ ಕೆಳಗೆ.

ಮಳೆ ಹಿಡಿದು ತಿಂಗಳು ದಾಟಿತು. ದಿನಾ ಬೆಳಿಗ್ಗೆ ಎದ್ದು ಹಿಂದಿನ ಕಿಟಕಿಯಿಂದ ನೋಡುತ್ತೇನೆ. ಬರೆ ನಿಂತೇ ಇದೆ. ನಿನ್ನೆ ದಿವ್ಯಶ್ರೀಯ ಫೋನು ಬಂತು. ಆಫೀಸಿನಲ್ಲಿ ಯಾರೋ ಆಗಲೇ ನಗಲು ಶುರು ಮಾಡಿದ್ದಾರೆಂದು ದನಿಯಲ್ಲೇ ತಿಳಿಯಿತು. "ಸಾರ್, ಬರೆ ಬೀಳ್ಲಿಲ್ಲ ಅಲ್ವಾ?"

"ಇಲ್ಲ ಮಾರಾಯ್ತಿ," ಎಂದೆ. "ನೀನು ಬೀಳ್ತದೆ ಅಂತ ಬರೆದದ್ದಲ್ಲ. ಮಲಗ್ಬೇಡಿ ಅಂತ ಬರೆದದ್ದು."