ನನ್ನನ್ನೇ ತಪಾಸಣೆ ಮಾಡಿದ ಆಶಾ ಅಕ್ಕ

ಗುಲಾಬಿ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ. ಅಲಖನೂರಿನ ಕಬ್ಬಿನೊಳಗಿನ ತೋಟದ ಮನೆಗಳಿಗೆ ಆಶಾ ಅಕ್ಕ ಹೋಗುತ್ತಿದ್ದುದೇ ಹಾಗೆ. ಕಬ್ಬಿನ ಗರಿ ಕೈ ಕೊಯ್ಯಬಾರದಲ್ಲ. ಬಾಗಿಲಲ್ಲಿ ಅಂಗಿ ಬಿಚ್ಚಿ ಚೀಲಕ್ಕೆ ತುರುಕಿದ ಮೇಲೆಯೇ "ಬಾಳಂತಿ ಹೆಂಗದಾಳ್ರಿ?" ಎನ್ನುವುದು.

ಅವರು ಊರಿನ ಆಶಾ ಕಾರ್ಯಕರ್ತೆ; ನಾನು ಆರೋಗ್ಯ ಇಲಾಖೆಯಿಂದ ಅವರ ಕೆಲಸಕ್ಕೆ ಅಂಕ ಹಾಕಲು ಹೋದವಳು. ತಾಯಿ-ಮಗುವಿನ ಆರೈಕೆ ಎಲ್ಲ ಮನೆಗೂ ಮುಟ್ಟುತ್ತಿದೆಯೇ ಎಂದು ನೋಡಬೇಕಿತ್ತು. ಕೈಯಲ್ಲಿ ಟ್ಯಾಬ್, ಮುಖದಲ್ಲಿ ಬಿಗುಮಾನ. "ಪಟ್ಟಿಯಿಂದ ಬಿಟ್ಟುಹೋದ ಬಸುರಿಯರು ಎಷ್ಟು?" ಎಂದು ಕೇಳಿದೆ. ಅವರು ನನ್ನ ಕಾಲನ್ನೇ ನೋಡುತ್ತಿದ್ದರು.

"ಮೇಡಮ್ಮಾರ, ನೀವು ಎಷ್ಟರಾಗ ಅದೀರಿ?"

"ಏಳು ತಿಂಗಳು ಮುಗೀತು."

"ಕಾಲ ಬಾತಾವು. ತಲಿ ನೋಯತೈತೇನ್ರಿ? ತಾಯಿ ಕಾರ್ಡ್ ತೋರಸ್ರಿ."

ಕಾರ್ಡು ಇರಲಿಲ್ಲ. ಚೊಚ್ಚಲ ಬಾಣಂತನ ತವರಿನದು. ಅಲ್ಲೇ ಹೆಸರು ಬರೆಸುತ್ತಾರೆಂದು ನಿಪ್ಪಾಣಿಯ ಅತ್ತೆ, ಗಂಡನ ಮನೆಯವರು ಬರೆಸಿದ್ದಾರೆಂದು ಅಕ್ಕೋಳದ ಅವ್ವ ಕೈಬಿಟ್ಟಿದ್ದರು. ಊರಿಗೆಲ್ಲ ಬುದ್ಧಿ ಹೇಳುವ ನಾನು ನಾಳೆ ನಾಳೆ ಎಂದು ತಳ್ಳಿದ್ದೆ.

"ಬಿಟ್ಟುಹೋದಾಕಿ ಒಬ್ಬಾಕಿ ಸಿಕ್ಕಳು. ಬರಕೋರಿ," ಎಂದು ನಕ್ಕರು. ಉಪಕೇಂದ್ರದ ಸಿಸ್ಟರ್ ಎರಡು ಸಲ ನೋಡಿದರೂ ಬಿಪಿ ಏರಿಯೇ ಇದ್ದುದರಿಂದ ಆಂಬುಲೆನ್ಸ್ ಕರೆಸಿದಾಗ ಆ ನಗು ಉಳಿದಿರಲಿಲ್ಲ.

ಚಿಕ್ಕೋಡಿ ಆಸ್ಪತ್ರೆಯ ದಾರಿ ಮುಗಿಯಲೊಲ್ಲದು. "ಕೂಸು ಹೊರಳಾಡತೈತೇನ್ರಿ?" ಎಂದು ಜೊತೆಗೆ ಬಂದ ಅಕ್ಕ ಕೇಳುತ್ತಲೇ ಇದ್ದರು. ನನಗೆ ಗೊತ್ತಾಗುತ್ತಿರಲಿಲ್ಲ. ಇಲ್ಲವೆನ್ನಲು ಹೆದರಿ ಹೂಂ ಎಂದೆ.

"ಸುಳ್ಳ ಹೇಳಬ್ಯಾಡ್ರಿ." ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕುಳಿತರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಗಾಡಿ ಎಷ್ಟೋ ದೂರ ಹೋಯಿತು.

"ಒದೀತು ನೋಡ್ರಿ," ಎಂದರು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಮರುದಿನ ಆಪರೇಷನ್ ಆಯಿತು. ಮಗಳು ಅಂಗೈಯಗಲದವಳು; ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿದ್ದು ಬದುಕಿ ಮನೆಗೆ ಬಂದಳು. ಇತ್ತ ಅಕ್ಕನ ಫಾರ್ಮಿನಲ್ಲಿ ನನ್ನ ಜೊತೆ ಆಸ್ಪತ್ರೆಗೆ ಬಂದ ದಿನದ ಮನೆ ಭೇಟಿಗಳು ಖಾಲಿ ಉಳಿದಿದ್ದವು. ನನ್ನ ಬದಲಿಗೆ ಹೋದವರು ನಿಯಮದಂತೆ ಅಂಕ ಕಳೆದಿದ್ದರು.

ನಾಚಿಕೆಯಿಂದಲೇ ಫೋನ್ ಮಾಡಿ ಕ್ಷಮೆ ಕೇಳಿದೆ. ಮೇಲಿನವರಿಗೆ ಪತ್ರ ಬರೆಯುತ್ತೇನೆಂದೆ.

"ಅದನ್ನ ಆಮ್ಯಾಲ ಬರೀರಿ. ಕೂಸಿಗೆ ಒಂದೂವರಿ ತಿಂಗಳದ ಇಂಜೆಕ್ಷನ್ ಆತೇನ್ರಿ?"

ಅದನ್ನು ಹಾಕಿಸುವುದು ಅತ್ತೆಯ ಊರಲ್ಲೋ ಅವ್ವನ ಊರಲ್ಲೋ ಎಂಬ ಮಾತು ಮನೆಯಲ್ಲಿ ಇನ್ನೂ ನಡೆದೇ ಇತ್ತು. ಫೋನ್ ಕಿವಿಗಿಟ್ಟುಕೊಂಡೇ ಮಗಳನ್ನು ಎತ್ತಿಕೊಂಡು ಚಪ್ಪಲಿ ಮೆಟ್ಟಿದೆ.